ಚಂದ್ರಕಾಳಿಯ ಸೆರಗು

ಕಳೆದ ವರ್ಷ ಈ ಅಂಕಣ ನಡುವೆ ಏಳು ವಾರ ಬರಲಿಲ್ಲ. ‘ಅನಿವಾರ್ಯ ಕಾರಣಗಳಿಂದ’ ಎಂದು ಸಂಪಾದಕರು ಒಂದು ಸಾಲು ಹಾಕಿ ನನ್ನ ಮಾನ ಕಾಪಾಡಿದ್ದರು. ಓದುಗರು ಸುಮ್ಮನಿರುತ್ತಾರೆಯೇ? ಗದಗಿನ ಒಬ್ಬರು ‘ಮೊಮ್ಮಗು ಹುಟ್ಟಿತೇ?’ ಎಂದು ಕೇಳಿ ಪತ್ರ ಬರೆದರು. ಇನ್ನೊಬ್ಬರು, ನಾನು ಮಗನ ಮನೆಗೆ ಅಮೆರಿಕಕ್ಕೆ ಹೋಗಿ ಕುಳಿತಿದ್ದೇನೆಂದು ತಾವೇ ತೀರ್ಮಾನಿಸಿ ಅಲ್ಲಿಯ ಹವೆ ಹೇಗಿದೆ ಎಂದು ವಿಚಾರಿಸಿದ್ದರು. ಇವೆರಡೂ ಅಲ್ಲ. ನನಗೆ ಸ್ತನದ ಕ್ಯಾನ್ಸರ್ ಆಗಿತ್ತು. ಇಷ್ಟನ್ನು ಬರೆಯಲು ನನಗೆ ಒಂದು ವರ್ಷ ಬೇಕಾಯಿತು.

ಗಂಟು ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ, ಬಲಗಡೆ. ಕಡಲೆಕಾಳಿನಷ್ಟಿತ್ತು. ನೋವಿರಲಿಲ್ಲ. ನೋವಿಲ್ಲವೆಂಬುದೇ ನನಗೆ ಧೈರ್ಯ ಕೊಟ್ಟಿತು. ನೋಯದ್ದು ರೋಗ ಹೇಗಾದೀತು? ಅದೂ ಅಲ್ಲದೆ ಚೌತಿ ಹತ್ತಿರ ಬಂದಿತ್ತು, ಮನೆತುಂಬ ಜನ ಬರುವವರಿದ್ದರು. ಗಣಪತಿ ಹೋಗಲಿ, ಆಮೇಲೆ ನೋಡಿದರಾಯಿತು ಎಂದು ಹತ್ತೊಂಬತ್ತು ದಿನ ಕಳೆದೆ. ಈ ಹತ್ತೊಂಬತ್ತು ದಿನಗಳಿಂದ ನನಗೆ ಕೆಡುಕೇನೂ ಆಗಲಿಲ್ಲ. ಆದರೆ ಅದು ನನ್ನ ಅದೃಷ್ಟವೇ ಹೊರತು ಜಾಣತನವಲ್ಲ. ಆರಂಭದಲ್ಲಿ ಇಂಥ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ ಎಂಬುದು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನಗೇ ತಿಳಿದಿರಲಿಲ್ಲ.

ಮೊದಲು ಎಕ್ಸ್‌ರೇಯಂಥ ಮ್ಯಾಮೊಗ್ರಾಮ್, ಆಮೇಲೆ ಸೂಜಿ ಹಾಕಿ ಚೂರು ತೆಗೆಯುವ ಬಯಾಪ್ಸಿ. ಸೂಜಿಯ ಸುದ್ದಿ ಕೇಳಿದೊಡನೆ ಪಕ್ಕದ ಮನೆಯ ಅಜ್ಜಿ ಓಡಿ ಬಂದರು. “ಬ್ಯಾಡವ್ವಾ, ಸೂಜಿ ಚುಚ್ಚಿದರ ಮೈತುಂಬಾ ಹರಡತೈತಿ ಅಂತಾರ.” ಅವರ ಪ್ರೀತಿ ನಿಜ, ಮಾತು ನಿಜವಲ್ಲ. ಸೂಜಿ ಪರೀಕ್ಷೆಯಿಂದ ರೋಗ ಮೈಯೆಲ್ಲ ಹರಡುವುದಿಲ್ಲ. ಆ ಭಯದಿಂದ ಪರೀಕ್ಷೆ ಮುಂದೂಡಿದರೆ ಹರಡಲು ಅದಕ್ಕೆ ಸಮಯ ಸಿಗುತ್ತದೆ, ಅಷ್ಟೆ.

ವರದಿ ಬಂದ ದಿನ ನಾನು ಕೇಳಿದ ಮೊದಲ ಪ್ರಶ್ನೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. “ಡಾಕ್ಟರೇ, ಕಸೂತಿ ಹಾಕಬಹುದೋ ಇಲ್ಲೋ?” ಎಂದೆ. ಬದುಕುತ್ತೇನೋ ಇಲ್ಲವೋ ಎಂದು ಕೇಳುವ ಧೈರ್ಯ ಬರಲಿಲ್ಲ. ಅದಕ್ಕೆ ಕೈಗೆ ಸಿಕ್ಕಿದ್ದನ್ನು ಕೇಳಿದೆ. ಹಿನ್ನೆಲೆ ಹೀಗಿದೆ. ತಮ್ಮನ ಮಗಳ ಮದುವೆ ವೈಶಾಖದಲ್ಲಿ ನಿಶ್ಚಯವಾಗಿತ್ತು. ಮದುವೆಯಲ್ಲಿ ಹುಡುಗಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಕೊಡುವುದು ನಮ್ಮ ಧಾರವಾಡದ ಕಡೆಯ ಹಳೆಯ ಪದ್ಧತಿ. ಅದನ್ನು ನಾನೇ ಹಾಕಿಕೊಡುತ್ತೇನೆಂದು ಆ ಕೂಸಿಗೆ ತೊಟ್ಟಿಲಲ್ಲಿದ್ದಾಗಲೇ ಮಾತು ಕೊಟ್ಟಿದ್ದೆ. ಸೀರೆ ತಂದಾಗಿತ್ತು, ಸೆರಗಿನ ಮೇಲೆ ಒಂದೂವರೆ ಗೋಪುರವೂ ಎದ್ದಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರ ಅಕ್ಕ ನನ್ನ ವಿದ್ಯಾರ್ಥಿನಿಯಂತೆ, ಹಾಗಾಗಿ ಅವರಿಗೂ ನಾನು ಅಕ್ಕೋರೇ. “ಅಕ್ಕೋರ, ಕಸೂತಿ ಹಾಕ್ರಿ. ನಾ ಏನು ಮಾಡೋದೈತಿ ಅನ್ನೋದನ್ನ ಮೊದಲು ಕೇಳ್ರಿ” ಎಂದು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಗಡ್ಡೆ 1.4 ಸೆಂಟಿಮೀಟರ್, ಆರಂಭದ ಹಂತ. ಸ್ತನವನ್ನು ಪೂರ್ತಿ ತೆಗೆಯಬೇಕಿಲ್ಲ. ಗಡ್ಡೆಯನ್ನೂ ಸುತ್ತಲ ಸ್ವಲ್ಪ ಭಾಗವನ್ನೂ ತೆಗೆದು, ಆಮೇಲೆ ವಿಕಿರಣ ಕೊಟ್ಟರೆ ಸಾಕು.

“ಪೂರ್ತಿ ತೆಗೆದುಬಿಟ್ಟರೆ ಚಿಂತೆಯೇ ಇಲ್ಲವಲ್ಲ” ಎಂದು ನಮ್ಮ ಮನೆಯವರು ಕೇಳಿದರು. ಬಹಳ ಮನೆಗಳಲ್ಲಿ ಹೀಗೇ ಅನ್ನಿಸುತ್ತದೆ. ಈ ಪ್ರಶ್ನೆಗೆ ಉತ್ತರ ಕಂಡುಹಿಡಿಯಲು ಅಮೆರಿಕದ ಬರ್ನಾರ್ಡ್ ಫಿಷರ್ ಎಂಬ ಸರ್ಜನ್ 1976ರಲ್ಲಿ ಒಂದು ದೊಡ್ಡ ಪ್ರಯೋಗ ಆರಂಭಿಸಿದರು. 1,800ಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿದ್ದರು. ಇಪ್ಪತ್ತು ವರ್ಷ ಅವರನ್ನು ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಪೂರ್ತಿ ತೆಗೆಸಿಕೊಂಡವರಿಗೂ ಗಡ್ಡೆ ತೆಗೆಸಿ ವಿಕಿರಣ ಪಡೆದವರಿಗೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲರಿಗೂ ಈ ದಾರಿ ಹೊಂದುವುದಿಲ್ಲ ನಿಜ. ಗಡ್ಡೆ ದೊಡ್ಡದಿದ್ದರೆ, ಒಂದಕ್ಕಿಂತ ಹೆಚ್ಚು ಕಡೆ ಇದ್ದರೆ ಲೆಕ್ಕ ಬೇರೆಯಾಗಬಹುದು. ಆದರೆ ‘ನನಗೆ ಹೊಂದುತ್ತದೆಯೇ?’ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಆಪರೇಷನ್ನಿನಲ್ಲಿ ಕಂಕುಳಿನ ಮೂರು ಗ್ರಂಥಿಗಳನ್ನೂ ತೆಗೆದರು. ರೋಗ ಹೊರಟರೆ ಮೊದಲು ತಲಪುವುದು ಈ ಕಾವಲು ಗ್ರಂಥಿಗಳಿಗೆ. ನೀಲಿ ಬಣ್ಣ ಬಿಟ್ಟು ಅವುಗಳನ್ನು ಗುರುತಿಸುತ್ತಾರೆ. ಮೂರರಲ್ಲೂ ರೋಗವಿರಲಿಲ್ಲ. ಕಿಮೊಥೆರಪಿಯ ಅಗತ್ಯವೂ ಬೀಳಲಿಲ್ಲ. ಆದರೆ ಗ್ರಂಥಿ ತೆಗೆದ ಕಡೆಯ ಕೈ ಮುಂದೆ ಬಾತುಕೊಳ್ಳುವ ಸಂಭವ ಸ್ವಲ್ಪ ಇರುತ್ತದೆ. ನನಗೆ ಅದು ಬಲಗೈ, ಸೂಜಿ ಹಿಡಿಯುವ ಕೈ.

ಮನೆಯಲ್ಲಿ ಕಾನೂನು ಜಾರಿಯಾದದ್ದು ಆಗಲೇ. ನಾದಿನಿ ಬಂದು ಸೂಜಿ, ದಾರ, ಸೀರೆ ಎಲ್ಲವನ್ನೂ ಗಂಟುಕಟ್ಟಿ ಅಟ್ಟಕ್ಕೆ ಏರಿಸಿದರು. “ವೈನೀ, ಇನ್ನ ನೀವು ಕಡ್ಡಿ ಸೈತ ಎತ್ತಬ್ಯಾಡ್ರಿ” ಎಂದರು. ಮದುಮಗಳು ಫೋನು ಮಾಡಿ, “ಅತ್ತೀ, ಸೀರಿ ಅಂಗಡ್ಯಾಗ ತೊಗೊಂಡ್ರಾತು ಬಿಡು” ಎಂದಳು. ನಮ್ಮ ಮನೆಯವರು ಅಡಿಗೆಮನೆ ಹೊಕ್ಕು ಉಪ್ಪಿಟ್ಟಿನಿಂದ ಆರಂಭಿಸಿ ಉಪ್ಪಿಟ್ಟಿನಲ್ಲೇ ನಿಂತರು. ಎಲ್ಲರೂ ನನ್ನ ಒಳ್ಳೆಯದಕ್ಕೇ ಮಾಡುತ್ತಿದ್ದರು. ನಾನು ಮಾತ್ರ ಕುರ್ಚಿಯಲ್ಲಿ ಕುಳಿತು ದಿನವಿಡೀ ರೋಗವನ್ನೇ ಯೋಚಿಸುತ್ತಿದ್ದೆ. ಮಾಡಲು ಬೇರೆ ಕೆಲಸವಿರಲಿಲ್ಲವಲ್ಲ!

ಈ ‘ಕೈ ಅಲ್ಲಾಡಿಸಬೇಡ’ ಎಂಬ ಉಪದೇಶ ನಮ್ಮ ನಾದಿನಿಯದಷ್ಟೇ ಅಲ್ಲ. ಒಂದು ಕಾಲಕ್ಕೆ ವೈದ್ಯರೂ ಹಾಗೇ ಹೇಳುತ್ತಿದ್ದರು. ಕೆನಡಾದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಜಿ ಎಂಬ ಕ್ರೀಡಾವೈದ್ಯರಿಗೆ 1996ರಲ್ಲಿ ಈ ಮಾತನ್ನು ಪರೀಕ್ಷಿಸುವ ಮನಸ್ಸಾಯಿತು. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ 24 ಮಹಿಳೆಯರಿಗೆ ಹುಟ್ಟು ಹಾಕುವ ತರಬೇತಿ ಕೊಟ್ಟು ‘ಡ್ರ್ಯಾಗನ್’ ದೋಣಿಯ ಪಂದ್ಯಕ್ಕೆ ಇಳಿಸಿದರು. ಕೈಗೆ ಅದಕ್ಕಿಂತ ಹೆಚ್ಚಿನ ಕೆಲಸ ಯಾವುದಿದೆ? ಹೊಸದಾಗಿ ಒಬ್ಬರಿಗೂ ಕೈ ಬಾತುಕೊಳ್ಳಲಿಲ್ಲ, ಮೊದಲೇ ಬಾವಿದ್ದವರಿಗೆ ಅದು ಹೆಚ್ಚಲೂ ಇಲ್ಲ. ಇಂದು ಅನೇಕ ದೇಶಗಳಲ್ಲಿ ಇಂಥ ಮಹಿಳೆಯರ ದೋಣಿ ತಂಡಗಳಿವೆ. ಅವರು ಹುಟ್ಟು ಹಾಕಬಹುದಾದರೆ ನಾನು ಸೂಜಿ ಹಿಡಿಯಬಾರದೇ? ಡಾಕ್ಟರು ಎರಡೇ ಷರತ್ತು ಹಾಕಿದರು. ಕೈಯ ವ್ಯಾಯಾಮ ದಿನವೂ ತಪ್ಪಬಾರದು. ಬೆರಳಿಗೆ ಸೂಜಿ ಚುಚ್ಚದಂತೆ ದರ್ಜಿಗಳು ಹಾಕಿಕೊಳ್ಳುವ ಲೋಹದ ಟೋಪಿ ಹಾಕಬೇಕು, ಚುಚ್ಚಿದರೆ ಕೂಡಲೇ ತೊಳೆಯಬೇಕು, ಕೆಂಪಗಾದರೆ ಕಾಯದೆ ಬರಬೇಕು. ಅಟ್ಟದಿಂದ ಗಂಟು ಕೆಳಗಿಳಿಯಿತು.

ವಿಕಿರಣ ಹದಿನೈದು ದಿನ, ವಾರಕ್ಕೆ ಐದರಂತೆ ಮೂರು ವಾರ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ನೋವಿಲ್ಲ. ಎರಡನೆಯ ವಾರದಿಂದ ದಣಿವು ಶುರುವಾಯಿತು. ಇದು ನಿದ್ದೆ ಮಾಡಿದರೂ ಹೋಗುವ ದಣಿವಲ್ಲ. ಆಗ ನಾನು ಹಳೆಯ ಗಣಿತದ ಬುದ್ಧಿ ಉಪಯೋಗಿಸಿದೆ. ದಿನಕ್ಕೆ ಇಷ್ಟೇ ಶಕ್ತಿ ಎಂದು ಪಗಾರದ ಹಾಗೆ ಕೊಟ್ಟಿದ್ದಾರೆ, ಯಾವುದಕ್ಕೆ ಖರ್ಚು ಮಾಡಲಿ? ಹೋಳಿಗೆ, ಹಪ್ಪಳ, ನೆಂಟರ ಉಪಚಾರ ಇವು ಪಟ್ಟಿಯಿಂದ ಹೋದವು. ಬೆಳಗಿನ ಅರ್ಧ ಗಂಟೆಯ ನಡಿಗೆ ಉಳಿಯಿತು. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಬೆಳಕಿನಲ್ಲಿ ಮುಕ್ಕಾಲು ಗಂಟೆ ಕಸೂತಿ ಉಳಿಯಿತು. ಈ ಅಂಕಣವನ್ನು ಬಿಟ್ಟೆ. ಕ್ಷಮಿಸಿ, ಆ ತಿಂಗಳುಗಳಲ್ಲಿ ನಿಮಗಿಂತ ಆ ಗೋಪುರ ನನಗೆ ಹೆಚ್ಚಾಗಿತ್ತು.

ಕಸೂತಿ ಬಲ್ಲವರಿಗೆ ಗೊತ್ತು, ಅದಕ್ಕೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ಎಳೆ ಎಣಿಸುತ್ತಲೇ ಹೋಗಬೇಕು. ಗವಂತಿಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ, ಸೀರೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಎಣಿಸುವ ಮನಸ್ಸಿಗೆ ಬೇರೆ ಯೋಚನೆಗೆ ಎಡೆ ಇರುವುದಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ.

ಇನ್ನು ನನ್ನ ತಪ್ಪಿನ ಕಥೆ. ಐದು ವರ್ಷ ದಿನಕ್ಕೊಂದರಂತೆ ಲೆಟ್ರೊಜೋಲ್ ಗುಳಿಗೆ ತೆಗೆದುಕೊಳ್ಳಲು ಹೇಳಿದ್ದರು. ನನ್ನಂಥ ಗಡ್ಡೆ ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಬಲದಿಂದ ಬೆಳೆಯುತ್ತದೆ. ಮುಟ್ಟು ನಿಂತ ಮೇಲೂ ದೇಹ ಸ್ವಲ್ಪ ಈಸ್ಟ್ರೊಜೆನ್ ತಯಾರಿಸುತ್ತಲೇ ಇರುತ್ತದೆ. ಆ ತಯಾರಿಕೆಯನ್ನು ಈ ಗುಳಿಗೆ ತಡೆಯುತ್ತದೆ. ಮೂರು ತಿಂಗಳಾಗುವಷ್ಟರಲ್ಲಿ ಬೆಳಿಗ್ಗೆ ಬೆರಳುಗಳು ಬಿಗಿದುಕೊಳ್ಳತೊಡಗಿದವು. ಸೂಜಿ ಹಾಗಿರಲಿ, ಹಾಲಿನ ಪಾಕೀಟು ಕತ್ತರಿಸಲೂ ಬರುತ್ತಿರಲಿಲ್ಲ. ಮದುವೆಗೆ ನಾಲ್ಕು ತಿಂಗಳಿತ್ತು, ಅಂಬಾರಿ ಆನೆಗಳ ಸಾಲು ಇನ್ನೂ ಶುರುವಾಗಿರಲಿಲ್ಲ.

ನಾನು ಗುಳಿಗೆ ನಿಲ್ಲಿಸಿಬಿಟ್ಟೆ. ಯಾರಿಗೂ ಹೇಳಲಿಲ್ಲ. ದಿನವೂ ಒಂದು ಗುಳಿಗೆ ತೆಗೆದು ತುಳಸಿ ಕಟ್ಟೆಯ ಮಣ್ಣಿಗೆ ಹಾಕುತ್ತಿದ್ದೆ, ನಮ್ಮ ಮನೆಯವರು ಎಣಿಸುತ್ತಿದ್ದರಾದ್ದರಿಂದ! ಹನ್ನೆರಡನೆಯ ದಿನ ಅವರು ತುಳಸಿಗೆ ನೀರು ಹಾಕಲು ಹೋಗಿ ಕಂಡುಬಿಟ್ಟರು. ಕೂಗಾಡಲಿಲ್ಲ. ಒಳಗೆ ಬಂದು, “ಸೀರಿ ಉಟ್ಟ ಹುಡುಗಿ ನೋಡಾಕ ನೀ ಇರಬೇಕಲ್ಲ” ಎಂದಷ್ಟೇ ಹೇಳಿ ಹೋಗಿ ಬಸ್ಸಿಗೆ ತಯಾರಾದರು. ಮೂವತ್ತಮೂರು ವರ್ಷದ ಸಂಸಾರದಲ್ಲಿ ಅವರ ದನಿ ಹಾಗೆ ನಡುಗಿದ್ದನ್ನು ನಾನು ಕೇಳಿರಲಿಲ್ಲ.

ಡಾಕ್ಟರು ಬೈಯುತ್ತಾರೆಂದುಕೊಂಡಿದ್ದೆ. “ಅಕ್ಕೋರ, ನೀವೇನು ಮೊದಲನೇದವರಲ್ಲ, ಭಾಳ ಮಂದಿ ಹಿಂಗ ಬಿಡತಾರ. ಹೇಳಿದ್ರ ದಾರಿ ಅದಾವು, ಮುಚ್ಚಿಟ್ರ ಇಲ್ಲ” ಎಂದರು. ಅದೇ ಕೆಲಸ ಮಾಡುವ ಬೇರೆ ಗುಳಿಗೆ ಬರೆದುಕೊಟ್ಟರು. ಅದೂ ಆಗದಿದ್ದರೆ ಟಾಮೊಕ್ಸಿಫೆನ್ ಇದೆ ಎಂದರು. ಎಲುಬಿನ ಸಾಂದ್ರತೆಯ ಪರೀಕ್ಷೆ ಮಾಡಿಸಿ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟರು. ಕ್ರಮವಾಗಿ ವ್ಯಾಯಾಮ ಮಾಡಿದರೆ ಈ ಕೀಲುನೋವು ಕಡಿಮೆಯಾಗುತ್ತದೆ ಎಂದು ನಡಿಗೆಯನ್ನು ಹೆಚ್ಚಿಸಿದರು. ಬೆಳಿಗ್ಗೆ ಬಿಸಿನೀರಿನಲ್ಲಿ ಬೆರಳು ಆಡಿಸುವುದು ನಾನೇ ಕಂಡುಕೊಂಡ ಉಪಾಯ. ಬಿಗಿತ ಪೂರ್ತಿ ಹೋಗಿಲ್ಲ. ಹತ್ತು ಗಂಟೆಯ ಹೊತ್ತಿಗೆ ಸಡಿಲವಾಗುತ್ತದೆ, ಅಷ್ಟು ಸಾಕು.

ಹವ್ಯಾಸ ರೋಗವನ್ನು ಗುಣಪಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನನ್ನು ಗುಣಪಡಿಸಿದ್ದು ಚಾಕು, ವಿಕಿರಣ ಮತ್ತು ಗುಳಿಗೆ. ಚಿಕಿತ್ಸೆಯನ್ನು ಕಸೂತಿಗಾಗಿ ಬಿಟ್ಟಿದ್ದು ನನ್ನ ಮೂರ್ಖತನ. ಕಸೂತಿಯನ್ನು ಚಿಕಿತ್ಸೆಗಾಗಿ ಬಿಡು ಎಂದದ್ದೂ ಅಗತ್ಯವಿರಲಿಲ್ಲ. ಎರಡೂ ಒಂದೇ ದಿನಚರಿಯಲ್ಲಿ ಹಿಡಿಸುತ್ತವೆ, ಹಿಡಿಸುವಂತೆ ಡಾಕ್ಟರೊಡನೆ ಕುಳಿತು ಮಾತನಾಡಬೇಕು.

ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಈ ರೋಗ ಪತ್ತೆಯಾಯಿತು. ಬೇಗ ಪತ್ತೆಯಾಗಲು ದೊಡ್ಡ ಯಂತ್ರವೇ ಬೇಕೆಂದೇನಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಕೊಳೆಗೇರಿಗಳ ಒಂದೂವರೆ ಲಕ್ಷ ಮಹಿಳೆಯರನ್ನು ಇಪ್ಪತ್ತು ವರ್ಷ ಗಮನಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಪರೀಕ್ಷಿಸಿದ್ದರಿಂದ ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇಕಡಾ 30ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟಿಸಿದರು. ಗಂಟು, ತೊಟ್ಟು ಒಳಗೆ ಸೇರುವುದು, ತೊಟ್ಟಿನಿಂದ ರಕ್ತ, ಚರ್ಮ ಕುಳಿಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಚೌತಿ, ದೀಪಾವಳಿ ಎಂದು ಕಾಯಬೇಡಿ. ಗಣಪತಿ ಬೇಸರ ಮಾಡಿಕೊಳ್ಳುವುದಿಲ್ಲ.

ಸೀರೆ ಮದುವೆಗೆ ನಾಲ್ಕು ದಿನ ಮೊದಲು ಮುಗಿಯಿತು. ಎರಡನೆಯ ಗೋಪುರದಲ್ಲಿ ಒಂದು ಕಡೆ ಎಳೆ ತಪ್ಪಿದೆ, ವಿಕಿರಣದ ಎರಡನೆಯ ವಾರದ್ದು. ಬಿಚ್ಚಿ ಹಾಕಿಕೊಡಲೇ ಎಂದು ಕೇಳಿದೆ. ಹುಡುಗಿ ಸೀರೆಯನ್ನು ಕಸಿದುಕೊಂಡು ಹೋದಳು, ಕೊಡಲೇ ಇಲ್ಲ.

ಮುಂದಿನ ಗುರುವಾರ ನನ್ನ ಆರು ತಿಂಗಳ ತಪಾಸಣೆ. ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲವೆಂದು ಈಗಲೇ ಗೊತ್ತಿದೆ. ಅದಕ್ಕೆಂದೇ ಒಂದು ಕುಲಾಯಿ ಶುರುಮಾಡಿ ಇಟ್ಟಿದ್ದೇನೆ. ಗದಗಿನ ಓದುಗರೇ, ನಿಮ್ಮ ಊಹೆ ಒಂದು ವರ್ಷ ಮುಂಚೆ ಬಂದಿತ್ತು, ಅಷ್ಟೆ.