ಭಾರ ಎತ್ತಬೇಡಿ ಅಂದ್ರೆ ಮುಗೀತಾ?

"ವಯಸ್ಸಾಯ್ತು, ಬಿಪಿ ಬೇರೆ ಇದೆ, ಭಾರ ಎತ್ತಬೇಡಿ." ಅರವತ್ತು ದಾಟಿದವರಿಗೆ ಪುಕ್ಕಟೆ ಸಿಗುವ ಈ ಉಪದೇಶದ ಮೇಲೆ ನನಗೆ ತುಂಬಾ ದಿನದಿಂದ ತಕರಾರಿದೆ. ನಮ್ಮ ಆವತಿಯಲ್ಲಿ ಹೇಳಿ ನೋಡಿ ಸ್ವಾಮಿ! ಹಸು ಕಟ್ಟಿದವರು ಹುಲ್ಲಿನ ಹೊರೆ ಹೊರಲೇಬೇಕು, ಹಾಲಿನ ಕ್ಯಾನು ಹಿಡಿದು ಡೇರಿಗೆ ನಡೆಯಲೇಬೇಕು, ದ್ರಾಕ್ಷಿ ಕ್ರೇಟು ಎತ್ತಲೇಬೇಕು. ಅವರ ಪಾಲಿಗೆ ಆ ಮಾತು ಔಷಧಿಯೂ ಅಲ್ಲ, ಪಥ್ಯವೂ ಅಲ್ಲ. ಹೇಳಿದವರು ಕೈ ತೊಳೆದುಕೊಂಡ ಹಾಗೆ, ಅಷ್ಟೆ.

ಹಾಗಂತ ಹೆದರಿಕೆ ಸುಳ್ಳಲ್ಲ. ತುಂಬಿದ ಕ್ಯಾನು ಹಿಡಿದು ನಿಂತಾಗ ಬಿಗಿದ ಸ್ನಾಯು ತನ್ನ ರಕ್ತನಾಳಗಳನ್ನೇ ಹಿಸುಕುತ್ತೆ. ರಕ್ತ ಸಾಲದೆ ನರಗಳ ಮೂಲಕ ಮೆದುಳಿಗೆ ದೂರು ಕೊಡುತ್ತೆ, ಬಿಪಿ ಏರುತ್ತೆ. ಸ್ನಾಯುವಿನಿಂದ ಹೊರಡುವ ಈ ದೂರನ್ನು 1937ರಲ್ಲೇ ಆಲಂ ಮತ್ತು ಸ್ಮರ್ಕ್ ತೋರಿಸಿದ್ದರು. 1975ರಲ್ಲಿ ಪೆಟ್ರಾಫ್ಸ್ಕಿ ಮತ್ತು ಲಿಂಡ್, 22ರಿಂದ 62 ವರ್ಷದ 100 ಗಂಡಸರಿಗೆ ಮುಷ್ಟಿ ಬಿಗಿಹಿಡಿಸಿ ನೋಡಿದರು. ವಯಸ್ಸಾದವರಲ್ಲಿ ಎದೆಬಡಿತ ಏರಿದ್ದು ಕಡಿಮೆ, ಮೇಲಿನ ಬಿಪಿ ಏರಿದ್ದು ಹೆಚ್ಚು! ಅಂದ್ರೆ ನಾಡಿ ಹಿಡಿದು "ಏನೂ ಆಗಿಲ್ಲ" ಅನ್ನೋ ಹಾಗಿಲ್ಲ. ವಯಸ್ಸಾದಂತೆ ರಕ್ತನಾಳ ಬಿಸಿಲಿಗೆ ಒಣಗಿದ ಡ್ರಿಪ್ ಪೈಪಿನ ಹಾಗೆ ಪೆಡಸಾಗುತ್ತೆ, ಒತ್ತಡ ಬಂದಾಗ ಮೊದಲಿನಂತೆ ಹಿಗ್ಗೋದಿಲ್ಲ.

ನನ್ನ ಜಗಳ ಶುರುವಾಗೋದು ಇಲ್ಲಿಂದ. ಇದೇ ಬಿಗಿಯನ್ನು ಅಳತೆಯಲ್ಲಿ ಅಭ್ಯಾಸ ಮಾಡಿದರೆ, ಸುಮ್ಮನೆ ಕೂತಾಗಿನ ಬಿಪಿ ಇಳಿಯುತ್ತೆ. 270 ಪ್ರಯೋಗಗಳ 15,827 ಜನರ ಲೆಕ್ಕ ಒಟ್ಟುಗೂಡಿಸಿದ 2023ರ ವಿಶ್ಲೇಷಣೆಯಲ್ಲಿ, ನಡಿಗೆ-ಓಟಗಳಿಗಿಂತ ಹೆಚ್ಚು ಇಳಿಸಿದ್ದು ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರುವಂಥ ವ್ಯಾಯಾಮಗಳೇ. ಸರಾಸರಿ ಇಳಿಕೆ ಮೇಲಿನದು 8, ಕೆಳಗಿನದು 4. ಕ್ರಮವೂ ಸರಳ: ಎರಡು ನಿಮಿಷ ಬಿಗಿ, ಬಿಡುವು, ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ.

"ಹಾಗಾದ್ರೆ ಹೊರೆ ಹೊರೋದೇ ವ್ಯಾಯಾಮ ಆಯ್ತಲ್ಲ" ಅನ್ನೋ ಜಾಣರಿಗೂ ಒಂದು ಮಾತು... ಅಲ್ಲ! ಅಲ್ಲಿ ಅಳತೆಯಿಲ್ಲ, ಬಿಡುವಿಲ್ಲ, ಉಸಿರು ಕಟ್ಟಿ ಮುಕ್ಕಿರಿಯೋದೇ ಜಾಸ್ತಿ. 1985ರಲ್ಲಿ ಪಳಗಿದ ದೇಹದಾರ್ಢ್ಯಪಟುಗಳು ಭಾರೀ ತೂಕವನ್ನು ಕಾಲಿಂದ ತಳ್ಳುವಾಗ ಅಳೆದರೆ, ಬಿಪಿ ಸರಾಸರಿ 320/250ಕ್ಕೆ ಮುಟ್ಟಿತ್ತು.

ಆದ್ದರಿಂದ "ಎತ್ತಬೇಡಿ" ಅನ್ನೋ ಬದಲು ಹೇಗೆ ಎತ್ತಬೇಕು ಅಂತ ಹೇಳಿ. ಉಸಿರು ಕಟ್ಟಬೇಡಿ, ಎತ್ತುವಾಗ ಉಸಿರು ಬಿಡಿ. ಹೊರೆಯನ್ನು ಎರಡು ಮಾಡಿ. ದಾರಿಯಲ್ಲಿ ಇಳಿಸಿ ಸುಧಾರಿಸಿಕೊಳ್ಳಿ. ಮಾತ್ರೆ ತಪ್ಪಿಸಬೇಡಿ. ಬಿಪಿ ಹತೋಟಿಯಲ್ಲಿಲ್ಲ ಅಂದ್ರೆ ಮೊದಲು ಅದನ್ನು ನೋಡಿ, ವ್ಯಾಯಾಮ ಆಮೇಲೆ. ಇಷ್ಟು ಹೇಳೋಕೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ನಮ್ಮ ಹಿರಿಯರಿಗೆ ಸಲ್ಲಬೇಕಾದ್ದು.

ಏನಂತೀರಿ? ಬ್ಲಾಗಿಗ ಡಾಕ್ಟರುಗಳೇ, ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ :)