ಬರೆದವರ ಹೆಸರು ಪ್ರಕಾಶಕರ ಹೊಣೆ

ಒಬ್ಬರು ಬರೆದ ಕವನ ಮತ್ತೊಬ್ಬರ ಹೆಸರಿನಲ್ಲಿ ಅಚ್ಚಾಗುವುದು, ಅನುವಾದಕರ ಹೆಸರು ಪುಸ್ತಕದ ಯಾವ ಪುಟದಲ್ಲೂ ಕಾಣದಿರುವುದು, ಕರ್ತೃ ಯಾರೆಂದು ವಿಚಾರಿಸುವ ಗೋಜಿಗೇ ಹೋಗದೆ ಅಡಿಯಲ್ಲಿ ‘ಸಂಗ್ರಹ’ ಅಥವಾ ‘ಕೃಪೆ: ಅಂತರ್ಜಾಲ’ ಎಂದು ಬರೆದು ಮುಗಿಸುವುದು ಕನ್ನಡ ಪ್ರಕಾಶನಕ್ಕೆ ಹೊಸತಲ್ಲ. ಅಮೆರಿಕದ ಅಟ್ಲಾಂಟಾ ಬಳಿಯ ಸುವಾನಿಯಲ್ಲಿ ಕುಳಿತು ಬರೆದವರ ಕೃತಿ ಬೆಂಗಳೂರಿನಲ್ಲಿ ಪುಸ್ತಕವಾಗಬಹುದು, ಅಟ್ಲಾಂಟಾ, ಷಾರ್ಲಟ್, ವಾಷಿಂಗ್ಟನ್ ಪರಿಸರದ ಸ್ಮರಣ ಸಂಚಿಕೆಗಳಲ್ಲಿ ಮರುಮುದ್ರಣವಾಗಬಹುದು. ತಪ್ಪು ತಿಳಿಯುವ ಹೊತ್ತಿಗೆ ಪ್ರತಿಗಳು ಹಂಚಿಹೋಗಿರುತ್ತವೆ. ಆಗ ಕೇಳಿಬರುವ ಸಮಾಧಾನ, ಕಣ್ತಪ್ಪಿನಿಂದ ಆಯಿತು, ಮುಂದಿನ ಮುದ್ರಣದಲ್ಲಿ ಸರಿಪಡಿಸೋಣ ಎಂಬುದು. ಈ ಸಮಾಧಾನ ಸಾಲದು.

ಇಂಥ ತಪ್ಪಿನ ಆಯುಷ್ಯ ಎಷ್ಟು ದೀರ್ಘವೆಂಬುದಕ್ಕೆ ಕನ್ನಡದ ಮೊದಲ ಉಪಲಬ್ಧ ಗ್ರಂಥವೇ ಸಾಕ್ಷಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು 1898ರಲ್ಲಿ ಸಂಪಾದಿಸಿ ಪ್ರಕಟಿಸಿದ ಕೆ.ಬಿ. ಪಾಠಕ್ ಅವರು ಅದನ್ನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕೃತಿಯೆಂದು ನಿರ್ಣಯಿಸಿದರು. ಗ್ರಂಥದ ಪರಿಚ್ಛೇದಾಂತ್ಯಗಳಾದರೋ ಅದು ನೃಪತುಂಗನಿಗೆ ಸಮ್ಮತವಾದದ್ದೆಂದು ಹೇಳುತ್ತವೆ. ಬರೆದವನು ಅವನ ಆಸ್ಥಾನಕವಿ ಶ್ರೀವಿಜಯನೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿ ದಶಕಗಳೇ ಕಳೆದಿದ್ದರೂ ‘ನೃಪತುಂಗನ ಕವಿರಾಜಮಾರ್ಗ’ ಎಂಬ ಮಾತು ನಮ್ಮ ವೇದಿಕೆಗಳಿಂದ ಇನ್ನೂ ಮರೆಯಾಗಿಲ್ಲ. ಪಾಠಕರಲ್ಲಿ ವಂಚನೆಯಿರಲಿಲ್ಲ, ಅಲಕ್ಷ್ಯವೂ ಇರಲಿಲ್ಲ. ಪ್ರಾಮಾಣಿಕ ವಿದ್ವತ್ತಿನ ತಪ್ಪೇ ಒಂದು ಶತಮಾನವನ್ನು ಮೀರಿ ಬಾಳುವುದಾದರೆ, ಅಲಕ್ಷ್ಯದಿಂದಾದ ತಪ್ಪು ಎಷ್ಟು ತಲೆಮಾರುಗಳನ್ನು ದಾರಿ ತಪ್ಪಿಸೀತು?

ನೃಪತುಂಗನ ಹೆಸರನ್ನೇ ಹೊತ್ತ ಕನ್ನಡ ಕೂಟವುಳ್ಳ ಅಟ್ಲಾಂಟಾ ಸೀಮೆಯ ಕನ್ನಡಿಗರಿಗೆ ಈ ಪಾಠ ದೂರದ್ದಲ್ಲ. ಶ್ರೀವಿಜಯನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದರೆ ನೃಪತುಂಗನ ಗೌರವಕ್ಕೆ ಕುಂದಿಲ್ಲ. ಆಶ್ರಯ ಕೊಟ್ಟವನ ಹಿರಿಮೆ ಒಂದು, ಬರೆದವನ ಹಕ್ಕು ಇನ್ನೊಂದು. ಅದೇ ಗ್ರಂಥ ತನ್ನ ಹಿಂದಿನ ಗದ್ಯಕಾರರಾದ ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಸ್ಮರಿಸಿತು. ಅವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಹೆಸರು ದಾಖಲಾದ ಕಾರಣಕ್ಕೆ ಅವರು ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಉಳಿದಿದ್ದಾರೆ.

ಕಾನೂನು ಈ ಹಕ್ಕನ್ನು ಎಲ್ಲೆಡೆ ಸಮನಾಗಿ ಕಾಯುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಕೃತಿಸ್ವಾಮ್ಯವನ್ನು ಪೂರ್ತಿಯಾಗಿ ಬರೆದುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳುವ ಹಕ್ಕು ಲೇಖಕರಲ್ಲೇ ಉಳಿಯುತ್ತದೆ. ಅಮೆರಿಕ 1989ರಲ್ಲಿ ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದವನ್ನು ಸೇರಿತಾದರೂ, 1990ರ ಕಾನೂನಿನಲ್ಲಿ ಇಂಥ ಹಕ್ಕನ್ನು ಕೊಟ್ಟದ್ದು ಚಿತ್ರ, ಶಿಲ್ಪಗಳಂಥ ಕೆಲವು ದೃಶ್ಯಕಲಾಕೃತಿಗಳಿಗೆ ಮಾತ್ರ; ಕವಿತೆ, ಕಥೆಗಳಿಗೆ ಅಲ್ಲ. 2003ರ ಡಾಸ್ಟಾರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕರ್ತೃವಿನ ಹೆಸರಿಗಾಗಿ ಟ್ರೇಡ್‌ಮಾರ್ಕ್ ಕಾನೂನಿನ ಮೊರೆಹೋಗುವ ದಾರಿಯನ್ನೂ ಬಹುಪಾಲು ಮುಚ್ಚಿತು. ಲೇಖಕರ ಹೆಸರನ್ನು ಅಳಿಸುವುದನ್ನು, ಬದಲಿಸುವುದನ್ನು ತಡೆಯುವ 1998ರ ಕಾನೂನು ತಿಳಿದೂ ದುರುದ್ದೇಶದಿಂದ ಮಾಡಿದವರನ್ನು ಹಿಡಿಯುತ್ತದೆಯೇ ಹೊರತು ಅಲಕ್ಷ್ಯ ಮಾಡಿದವರನ್ನಲ್ಲ.

ಆದುದರಿಂದ ಅಮೆರಿಕದ ಕನ್ನಡ ಬರಹಗಾರರು ಎಚ್ಚರದಿಂದಿರುವುದು ಅನಿವಾರ್ಯ. ಹೆಸರು ಎಲ್ಲಿ, ಹೇಗೆ ಅಚ್ಚಾಗಬೇಕೆಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು, ದಿನಾಂಕವುಳ್ಳ ಹಸ್ತಪ್ರತಿ ಮತ್ತು ಪತ್ರವ್ಯವಹಾರವನ್ನು ಕಾಪಾಡಿಕೊಳ್ಳಬೇಕು, ತಪ್ಪು ಕಂಡಾಗ ಫೋನಿನಲ್ಲಿ ನೊಂದುಕೊಂಡು ಸುಮ್ಮನಾಗದೆ ಲಿಖಿತವಾಗಿ ತಿದ್ದುಪಡಿ ಕೇಳಬೇಕು. ಹೀಗೆ ಕೇಳುವವರನ್ನು ಹೆಸರಿನ ಹಂಬಲದವರೆಂದು ಹಳಿಯುವುದು ಅನ್ಯಾಯ. ಸಂಭಾವನೆಯಿಲ್ಲದೆ ಬರೆಯುವವರೇ ಹೆಚ್ಚಿರುವ ಹೊರನಾಡಿನಲ್ಲಿ ಅವರಿಗೆ ದಕ್ಕುವ ಏಕೈಕ ಪ್ರತಿಫಲ ಆ ಹೆಸರೇ.

ಆದರೆ ಲೇಖಕರ ಎಚ್ಚರ ಪ್ರಕಾಶಕರ ಕರ್ತವ್ಯಕ್ಕೆ ಬದಲಿಯಾಗದು. ಆಯ್ಕೆ ಮಾಡುವ, ಅಚ್ಚು ಹಾಕುವ, ಮಾರುವ ಅಧಿಕಾರ ಯಾರ ಕೈಯಲ್ಲಿದೆಯೋ ಕರ್ತೃವನ್ನು ಖಚಿತಪಡಿಸಿಕೊಳ್ಳುವ ಹೊಣೆಯೂ ಅವರದೇ. ಸ್ವಯಂಸೇವಕರು ಬಿಡುವಿನಲ್ಲಿ ಹೊರತರುವ ಸಂಚಿಕೆಗಳ ಶ್ರಮವನ್ನು ನಾವು ಬಲ್ಲೆವು. ಆದರೆ ಆ ಶ್ರಮಕ್ಕೆ ಸಲ್ಲುವ ಮನ್ನಣೆ ಬರೆದವರ ಶ್ರಮಕ್ಕೂ ಸಲ್ಲಬೇಕಷ್ಟೆ. ಕರ್ತೃ ತಿಳಿಯದ ಬರಹವನ್ನು, ಎಷ್ಟೇ ಚೆನ್ನಾಗಿರಲಿ, ತಿಳಿಯುವವರೆಗೆ ಅಚ್ಚು ಮಾಡಬಾರದು. ತಪ್ಪಾದಾಗ ಉಳಿದ ಪ್ರತಿಗಳಿಗೆ ಒಪ್ಪೋಲೆ ಅಂಟಿಸಬೇಕು, ಡಿಜಿಟಲ್ ಪ್ರತಿಯನ್ನು ಕೂಡಲೇ ತಿದ್ದಬೇಕು, ಪ್ರತಿ ಪಡೆದ ಓದುಗರಿಗೂ ಗ್ರಂಥಾಲಯಗಳಿಗೂ ತಿಳಿಸಬೇಕು. ತಪ್ಪು ಎಷ್ಟು ಜನರನ್ನು ಮುಟ್ಟಿತೋ ತಿದ್ದುಪಡಿಯೂ ಅಷ್ಟು ಜನರನ್ನು ಮುಟ್ಟಬೇಕು. ಅದಕ್ಕಿಂತ ಕಡಿಮೆಯಾದದ್ದನ್ನು ಪರಿಹಾರವೆಂದು ನಾವು ಒಪ್ಪಲಾರೆವು. ಮುಂದಿನ ಮುದ್ರಣಕ್ಕೆ ಕಾಯಿರೆನ್ನುವ ಪ್ರಕಾಶಕರು, ಆ ಮುದ್ರಣ ಎಂದೂ ಬಾರದಿದ್ದರೆ, ಕಣ್ತಪ್ಪಿಗೆ ಅಲ್ಲ, ತಿಳಿದೂ ಉಳಿಸಿಕೊಂಡ ಅಸತ್ಯಕ್ಕೆ ಉತ್ತರದಾಯಿಗಳಾಗುತ್ತಾರೆ.