ಯಂತ್ರವಿದ್ದರೆ ಸಾಲದು, ದುಭಾಷಿಯೂ ಬೇಕು



ನ್ಯಾಮತಿಯ ನಮ್ಮ ಮನೆಯಲ್ಲಿ ಹಳೆಯ ಗಣಕಯಂತ್ರವೊಂದಿದೆ. ಅದರಲ್ಲಿದ್ದ ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಆವೃತ್ತಿಗೆ ಯಂತ್ರ ಒಗ್ಗದು. ಹೊಸ ಯಂತ್ರಕ್ಕೆ ಹಣ ಒದಗದು. ಮೊಮ್ಮಗನು ಉಚಿತವಾಗಿ ದೊರೆಯುವ ಲಿನಕ್ಸನ್ನು ಅಳವಡಿಸಿದನು. ಪರದೆ ಬೆಳಗಿತು, ಕೀಲಿಮಣೆಯಿಂದ ಕನ್ನಡವೂ ಮೂಡಿತು. ಆದರೆ ವೈ-ಫೈ ಕಾಣಲಿಲ್ಲ, ಪ್ರಿಂಟರು ಮಿಸುಕಲಿಲ್ಲ. ಮೊಮ್ಮಗಳ ಅರ್ಜಿಗೆ ಮರುದಿನವೇ ಕೊನೆಯ ದಿನ. ಬೆಳಗಿನ ಬಸ್ಸು ಹಿಡಿದು ಹೊನ್ನಾಳಿಯ ಅಂಗಡಿಯೊಂದರಲ್ಲಿ ಮುದ್ರಿಸಿಕೊಂಡು ಬಂದೆವು. ಕೋಪವನ್ನೆಲ್ಲ ಹುಡುಗನ ಮೇಲೆ ತೀರಿಸಿಕೊಂಡೆವು.

ದೋಷವು ಅವನದಾಗಿರಲಿಲ್ಲವೆಂಬುದು ತಿಳಿದದ್ದು ಆಮೇಲೆ. ಪ್ರತಿಯೊಂದು ಉಪಕರಣಕ್ಕೂ ಅದರದೇ ಆದ ಮಾತುಂಟು. ಆ ಮಾತನ್ನು ಗಣಕಕ್ಕೆ ತಿಳಿಯಪಡಿಸುವ ದುಭಾಷಿಯೇ ಡ್ರೈವರ್ ಎಂಬ ತಂತ್ರಾಂಶ. ವಿಂಡೋಸಿನ ದುಭಾಷಿ ಲಿನಕ್ಸಿಗೆ ಒದಗದು. 1991ರಲ್ಲಿ ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸರು ಆರಂಭಿಸಿದ ಲಿನಕ್ಸಿನಲ್ಲಿ ಬಹುಪಾಲು ದುಭಾಷಿಗಳು ಅದರ ತಿರುಳಿನಲ್ಲಿಯೇ ಅಡಕವಾಗಿರುತ್ತವೆ. ತಯಾರಕರು ಉಪಕರಣದ ಒಳವಿವರವನ್ನು ಬಿಚ್ಚಿ ಹೇಳಿದರೆ ಅವನ್ನು ಬರೆಯುವುದು ಸುಲಭ. ಮುಚ್ಚಿಟ್ಟರೆ ಬಲ್ಲವರು ಪರೀಕ್ಷಿಸಿ ಪರೀಕ್ಷಿಸಿ ಕಂಡುಕೊಳ್ಳಬೇಕು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು 1983ರಲ್ಲಿ ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆಯನ್ನು ಸಾರಿದುದಕ್ಕೆ, ಪ್ರಿಂಟರೊಂದರ ತಂತ್ರಾಂಶದ ಮೂಲಬರಹವನ್ನು ತಮಗೆ ಕೊಡಲು ನಿರಾಕರಿಸಿದ ಕಹಿ ಅನುಭವವೂ ಒಂದು ಪ್ರೇರಣೆ. ನಮ್ಮ ಮನೆಯ ಗೋಳು ಹೊಸದೇನಲ್ಲ!

ನಮ್ಮ ವೈ-ಫೈಗೆ ಬೇಕಾದ ದುಭಾಷಿಯನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕಿತ್ತು; ಅಂತರ್ಜಾಲಕ್ಕೆ ವೈ-ಫೈ ಬೇಕಿತ್ತು! ಹುಡುಗನು ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಅದರ ಸಂಪರ್ಕವನ್ನೇ ಗಣಕಕ್ಕೆ ಹಂಚಿ, ಕೊರತೆಯನ್ನು ನೀಗಿಸಿದನು. ಪ್ರಿಂಟರಿಗೆ ಮಾತ್ರ ಇಂದಿಗೂ ದುಭಾಷಿ ದೊರೆತಿಲ್ಲ. ಕಾಗದವನ್ನು ಪಿಡಿಎಫ್ ಮಾಡಿ ಹೊನ್ನಾಳಿಗೇ ಒಯ್ಯುತ್ತೇವೆ.

ಹಾಗೆಂದು ಲಿನಕ್ಸನ್ನು ಹಳಿಯುವುದು ತರವಲ್ಲ. ಕೇರಳದ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿದಂತೆ, ಮಕ್ಕಳು ಗಣಕ ಕಲಿಯುವುದು ಲಿನಕ್ಸಿನಲ್ಲಿಯೇ. ಅಲ್ಲಿನ ಸರಕಾರದ ಕೈಟ್ ಸಂಸ್ಥೆಯು ಶಾಲೆಗಳಿಗೆಂದೇ ಅದನ್ನು ಸಜ್ಜುಗೊಳಿಸಿ ಕೊಡುತ್ತದೆ. ಹೊಂದಾಣಿಕೆಯನ್ನು ಮೊದಲೇ ನೋಡಿಕೊಳ್ಳುವುದರಲ್ಲಿಯೇ ಜಾಣತನವಿದೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು. ಚನ್ನಗಿರಿಯವರ ಅಡಿಕೆ ಲೆಕ್ಕವಿರಲಿ, ಜಗಳೂರಿನವರ ಜಮೀನಿನ ಕಾಗದಗಳಿರಲಿ, ಗಣಕದಲ್ಲಿರುವುದನ್ನೆಲ್ಲ ಮೊದಲು ಬೇರೆಡೆ ಪ್ರತಿ ಮಾಡಿಕೊಳ್ಳಿರಿ. ಹಳೆಯದನ್ನು ಅಳಿಸುವ ಮುನ್ನ ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ, ವೈ-ಫೈ, ಧ್ವನಿ, ಮುದ್ರಣಗಳನ್ನು ಒಂದೊಂದಾಗಿ ಪರೀಕ್ಷಿಸಿರಿ. ಹೊಸ ಪ್ರಿಂಟರು ಕೊಳ್ಳುವಾಗ ಪ್ರತ್ಯೇಕ ಡ್ರೈವರಿಲ್ಲದೆ ಮುದ್ರಿಸಬಲ್ಲ ಮಾದರಿಯನ್ನು ಕೇಳಿರಿ. ಏರ್‌ಪ್ರಿಂಟ್ ಸೌಲಭ್ಯವುಳ್ಳವು ಸಾಮಾನ್ಯವಾಗಿ ಲಿನಕ್ಸಿಗೂ ಒಗ್ಗುತ್ತವೆ. ಅರ್ಜಿಯ ಗಡುವು ಹತ್ತಿರವಿರುವಾಗ ಈ ಕಾರ್ಯಕ್ಕೆ ಕೈಹಾಕಬೇಡಿರಿ.

ತಿಳಿಯದುದನ್ನು ಕೇಳಿ ತಿಳಿಯುವ ಮೊದಲೇ ಮಕ್ಕಳನ್ನು ಗದರಿಸುವುದು ಹಿರಿತನವಲ್ಲ. ಮೊಮ್ಮಗನಿಗೆ ಈ ಮಾತನ್ನು ಮನೆಯಲ್ಲಿ ಹೇಳಿದ್ದೇವೆ, ಇಲ್ಲಿಯೂ ಹೇಳುತ್ತಿದ್ದೇವೆ.